ನುಡಿಯಬಲ್ಲ ಆಟಿಕೆ, ಆಲಿಸಲಾರದ ಆಟಿಕೆ

ಶಿಶುಶಿಕ್ಷಣದ ಇತಿಹಾಸವನ್ನು ಬರೆಯುವವರು ಶಾಲೆಗಳ, ಗ್ರಂಥಗಳ, ಮಹನೀಯರ ವಿಚಾರವನ್ನು ಹೇಳಿ ಮುಗಿಸುವುದೇ ವಾಡಿಕೆ. ಆಟಿಕೆಗಳ ಕಡೆಗೆ ಅವರ ದೃಷ್ಟಿ ಹರಿಯುವುದು ಕಡಿಮೆ. ಆದರೆ ಇಪ್ಪತ್ತನೆಯ ಶತಮಾನ ಮುಗಿಯುವುದಕ್ಕೆ ಮುಂಚೆಯೇ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆಯನ್ನು ಕೈಯಲ್ಲಿ ಹಿಡಿಯಬಹುದಾದ ಯಂತ್ರವೊಂದು ವಹಿಸಿಕೊಂಡಿತು. ಅದರದು ಬರಿಯ ವ್ಯಾಪಾರದ ಕಥೆಯಲ್ಲ. ಮಗು ನುಡಿಯನ್ನು ಕಲಿಯುವುದು ಹೇಗೆಂಬ ಪುರಾತನ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಕಥೆಯ ಮೊದಲ ಅಧ್ಯಾಯ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಮಾತನಾಡುವ ಗೊಂಬೆಗಳು ಮೊದಲೇ ಇದ್ದವು. ದಾರ ಎಳೆದರೆ ಒಳಗಿನ ಪುಟ್ಟ ಧ್ವನಿಮುದ್ರಿಕೆ ತಿರುಗಿ ನಾಲ್ಕು ಮಾತು ಉದುರುತ್ತಿದ್ದವು. ೧೯೭೬ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಪಾಲ್ ಬ್ರೀಡ್‌ಲವ್ ಮತ್ತು ಅವರ ಮೂವರು ಸಂಗಡಿಗರು ೨೫,೦೦೦ ಡಾಲರುಗಳ ಅಲ್ಪ ಮೊತ್ತದಿಂದ ಬೇರೊಂದು ದಾರಿ ಹಿಡಿದರು. ಮನುಷ್ಯನ ಗಂಟಲು, ಬಾಯಿಗಳು ಧ್ವನಿಯನ್ನು ರೂಪಿಸುವ ಬಗೆಯನ್ನು ಲೆಕ್ಕಕ್ಕೆ ಇಳಿಸಿ, ಆ ಲೆಕ್ಕದಿಂದ ಮಾತನ್ನು ಮತ್ತೆ ಹುಟ್ಟಿಸುವ ಸಿಲಿಕಾನ್ ಚೂರೊಂದನ್ನು ಅವರು ನಿರ್ಮಿಸಿದರು. ೧೯೭೮ರಲ್ಲಿ ಹೊರಬಂದ 'ಸ್ಪೀಕ್ ಅಂಡ್ ಸ್ಪೆಲ್' ಇದರ ಫಲ. ಅದು ಪದವನ್ನು ನುಡಿಯುವುದು, ಮಗು ಗುಂಡಿಗಳನ್ನು ಒತ್ತಿ ಕಾಗುಣಿತ ಹೇಳುವುದು, ಇದೇ ಆಟ. ಇದು ಶಾಲೆಗೆ ಹೋಗುವ ಮಕ್ಕಳಿಗಾಗಿ ಮಾಡಿದ್ದು. ಇನ್ನೂ ಎಳೆಯರಿಗೆಂದು ೧೯೮೧ರಲ್ಲಿ ಅದೇ ಕಂಪೆನಿ 'ಟಚ್ ಅಂಡ್ ಟೆಲ್' ಎಂಬುದನ್ನು ತಂದಿತು. ಅದರಲ್ಲಿ ಚಿತ್ರವನ್ನು ಮುಟ್ಟಿದರೆ ಸಾಕಾಗಿತ್ತು.

ಈ ಪ್ರಯತ್ನವೆಲ್ಲ ಇಂಗ್ಲಿಷ್ ನಾಡಿನಲ್ಲೇ ಮೊದಲಾದುದು ಏಕೆ? ಧನಬಲ, ಯಂತ್ರಬಲ ಒಂದು ಕಾರಣ; ಭಾಷೆಯ ಸ್ವಭಾವ ಇನ್ನೊಂದು ಎಂದು ನನಗೆ ತೋರುತ್ತದೆ. ಕನ್ನಡದ ಮಗುವಿಗೆ 'ಕ' ಎಂಬುದು ಅಕ್ಷರದ ಹೆಸರೂ ಹೌದು, ಧ್ವನಿಯೂ ಹೌದು. ಇಂಗ್ಲಿಷಿನ ಮಗುವಿಗೆ 'ಸಿ' ಎಂದು ಹೆಸರು ಕಲಿಸಿದ ಮೇಲೆ, ಅದು ಒಂದು ಪದದಲ್ಲಿ 'ಕ' ಎಂದೂ ಮತ್ತೊಂದರಲ್ಲಿ 'ಸ' ಎಂದೂ ನುಡಿಯುತ್ತದೆಂದು ಬೇರೆಯಾಗಿ ತಿಳಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋದ ವಕೀಲ ಮೈಕೇಲ್ ವುಡ್ ಎಂಬವರ ಮಗ ತೊಡಕಿಗೆ ಸಿಕ್ಕಿದ್ದು ಇಲ್ಲಿಯೇ. ಹುಡುಗ ಅಕ್ಷರಗಳನ್ನು ಬಲ್ಲ. ಅವುಗಳ ಧ್ವನಿಯನ್ನು ಅರಿಯ. ತಂದೆಯ ಈ ಚಿಂತೆಯಿಂದ ಹುಟ್ಟಿದ್ದು ಲೀಪ್‌ಫ್ರಾಗ್ ಕಂಪೆನಿ. ಧ್ವನಿ ಕಲಿಸುವ ಅದರ ಮೊದಲ ಆಟಿಕೆ ೧೯೯೫ರಲ್ಲಿ ಪೇಟೆಗೆ ಬಂದಿತು.

೨೦೦೩ರಲ್ಲಿ ಅದೇ ಕಂಪೆನಿಯ 'ಲೀಪ್‌ಸ್ಟರ್' ಬಂದಿತು. ಅದು ಬಣ್ಣದ ಪುಟ್ಟ ಪರದೆಯುಳ್ಳ, ಪರದೆಯನ್ನು ಕಡ್ಡಿಯಿಂದ ಮುಟ್ಟಿ ಆಡುವ ಕೈಯಾಟದ ಯಂತ್ರ. ನಿಂಟೆಂಡೋ ಕಂಪೆನಿಯ ಪ್ರಸಿದ್ಧ 'ಡಿ. ಎಸ್.' ಯಂತ್ರ ಕಡ್ಡಿ ಹಿಡಿದದ್ದು ಅದರ ಮರುವರ್ಷ. ಹಾಂಗ್‌ಕಾಂಗಿನ ವಿಟೆಕ್ ಕಂಪೆನಿಯು ೨೦೦೫ರಲ್ಲಿ 'ವಿ. ಸ್ಮೈಲ್ ಪಾಕೆಟ್' ಎಂಬುದನ್ನು ಎದುರಾಳಿಯಾಗಿ ನಿಲ್ಲಿಸಿತು.

ಈ ಯಂತ್ರಗುರುಗಳ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ಅವಕ್ಕೆ ಬೇಸರವಿಲ್ಲ, ಕೋಪವಿಲ್ಲ, ಕೈಯಲ್ಲಿ ಬೆತ್ತವಿಲ್ಲ. ನೂರು ಸಲ ತಪ್ಪಿದರೂ ಮತ್ತೊಮ್ಮೆ ಪ್ರಯತ್ನಿಸೆನ್ನುತ್ತವೆ. ನಲವತ್ತು ಮಕ್ಕಳ ನಡುವೆ ನಿಂತ ಉಪಾಧ್ಯಾಯರಿಗೆ ಈ ತಾಳ್ಮೆ ಸುಲಭವಲ್ಲ. ಆದರೆ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಆಟಗಳಲ್ಲಿ ಯಂತ್ರ ನುಡಿಯುತ್ತದೆ, ಮಗುವಿನ ಬೆರಳು ಉತ್ತರಿಸುತ್ತದೆ. ಆಟವೆಲ್ಲ ಮುಗಿದರೂ ಮಗು ತುಟಿ ಬಿಚ್ಚಬೇಕಾದ ಅಗತ್ಯವೇ ಬೀಳದಿರಬಹುದು. ನುಡಿಯ ಪಾಠದಲ್ಲಿ ಬಾಯಿಗೇ ಕೆಲಸವಿಲ್ಲದಂತಾಯಿತು!

ಲೀಪ್‌ಸ್ಟರ್ ಬಂದ ೨೦೦೩ರಲ್ಲಿಯೇ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷೆಯವರು ಎದುರಿಗೆ ಕುಳಿತು ಆಡಿದಾಗ, ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಏನೂ ಹತ್ತಲಿಲ್ಲ. ಈ ಕೂಸುಗಳು ನಾವು ಹೇಳುತ್ತಿರುವ ಮಕ್ಕಳಿಗಿಂತ ಕಿರಿಯವು, ನಿಜ. ನಾಲ್ಕು ವರ್ಷದ ಮಗು ಪರದೆಯಿಂದ ಏನನ್ನೂ ಕಲಿಯದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಕಿವಿಗೆ ಬಿದ್ದ ಮಾತ್ರಕ್ಕೆ ನುಡಿ ಒಳಗಿಳಿಯದು, ಅದಕ್ಕೆ ಎದುರಿಗೊಂದು ಜೀವವೂ ಬೇಕಾಗಬಹುದು ಎಂಬ ಸೂಚನೆ ಇಲ್ಲಿದೆ.

೨೦೧೦ರಲ್ಲಿ ಐಪ್ಯಾಡ್ ಬಂದ ಮೇಲೆ ಈ ಪುಟ್ಟ ಯಂತ್ರಗಳ ಕಾಲ ಇಳಿಮುಖವಾಯಿತು. ೨೦೧೬ರಲ್ಲಿ ವಿಟೆಕ್ ತನ್ನ ಹಳೆಯ ಪ್ರತಿಸ್ಪರ್ಧಿ ಲೀಪ್‌ಫ್ರಾಗನ್ನು ಸುಮಾರು ೭.೨ ಕೋಟಿ ಡಾಲರಿಗೆ ಕೊಂಡುಕೊಂಡಿತು. ಅದರ ಹಿಂದಿನ ವರ್ಷವೇ ಒಂದು ಅನಾಹುತ ನಡೆದಿತ್ತು. ವಿಟೆಕ್ ಕಂಪೆನಿಯ ಭಂಡಾರಕ್ಕೆ ಕನ್ನ ಬಿದ್ದು, ಅರವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ವಿವರಗಳು ಪರರ ವಶವಾದವು. ೨೦೧೮ರಲ್ಲಿ ಕಂಪೆನಿಯು ಅಮೆರಿಕ ಸರ್ಕಾರಕ್ಕೆ ೬,೫೦,೦೦೦ ಡಾಲರು ತೆರಲು ಒಪ್ಪಿತು. ಮಗುವಿನ ಮಾತನ್ನು ಆಲಿಸಲು ಕಲಿಯದ ಆಟಿಕೆ, ಮಗುವಿನ ಹೆಸರು, ಹುಟ್ಟಿದ ದಿನಗಳನ್ನು ಬರೆದಿಡುವುದನ್ನು ಮಾತ್ರ ಕಲಿತಿತ್ತು.

ನಮ್ಮ ಮನೆಗಳಲ್ಲಿಯೂ ಊಟದ ಹೊತ್ತಿಗೆ ಮಗುವಿನ ಕೈಗೆ ಮೊಬೈಲು ಬರುತ್ತಿರುವ ದಿನಗಳಿವು. ಅದನ್ನು ಕಸಿದುಕೊಳ್ಳಿರೆಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆ ತಂತ್ರ ಅಕ್ಷರವನ್ನು ತೋರಿಸಲಿ, ಪದವನ್ನು ನುಡಿಯಲಿ. ಆದರೆ ತೊದಲು ಮಾತಿಗೆ 'ಹೂಂ, ಆಮೇಲೆ?' ಎನ್ನುವ ಕೆಲಸವನ್ನು ಅದಕ್ಕೆ ವಹಿಸಿಕೊಡುವುದು ಬೇಡ. ಆ ಕೆಲಸ ಮನೆಯವರದು.