ರಜೆಯ ದಿನದ ಸಂಬಳ: ಒಂದು ಹಳೆಯ ಲೆಕ್ಕದ ಕಥೆ



ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಷೇರು ಬಂಡವಾಳ ಎಷ್ಟಿತ್ತು, ಗೋದಾಮು ಹೇಗೆ ಎದ್ದಿತು, ಸಾಲ ವಸೂಲಿ ಶೇಕಡಾ ಎಷ್ಟು ಎಂಬುದೆಲ್ಲ ಬೇರೆ ಲೇಖನಗಳಲ್ಲಿ ಬಂದೇ ಬರ್ತದೆ. ನಾನು ಆರಿಸಿಕೊಂಡಿರುವುದು ಕೌಂಟರಿನ ಆಚೆ ಕೂತಿರುವ ನಾಲ್ಕು ಜನ ನೌಕರರ ವಿಷಯ. ಇವರು ಕಾಯಿಲೆ ಬಿದ್ದರೆ, ಹೆಣ್ಣುಮಗಳು ಬಾಣಂತನಕ್ಕೆ ಹೋದರೆ, ಆ ದಿನಗಳ ಸಂಬಳ ಎಷ್ಟು, ಭತ್ಯೆ ಎಷ್ಟು? ಹೊಲ ಮಾಡುವ ನಮಗೆ ರಜೆ ಸಂಬಳ ಅನ್ನುವ ಮಾತೇ ಹೊಸದು. ಆದರೂ ಎತ್ತು ಕುಂಟಿದ ವಾರ ನೇಗಿಲು ಕಟ್ಟುವುದಿಲ್ಲ, ಹಾಗಂತ ಮೇವು ನಿಲ್ಲಿಸ್ತೀವಾ? ಈ ತಿಳುವಳಿಕೆ ಕಾನೂನಿಗೆ ಬರಲು ಬಹಳ ಕಾಲ ಹಿಡಿಯಿತು.

1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಆಡಳಿತದ ಕಾಲಕ್ಕೆ ಕಾರ್ಮಿಕರ ಕಾಯಿಲೆ ವಿಮೆ ಕಾಯಿದೆ ಬಂತು. ಕಾಯಿಲೆ ಬಿದ್ದವನಿಗೆ ಅರ್ಧ ಕೂಲಿ, ಅದೂ 13 ವಾರದವರೆಗೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆರಿಗೆಗೆ 12 ವಾರದ ರಜೆ ಇರಬೇಕೆಂದು ಒಪ್ಪಂದ ಮಾಡಿತು. ನಮ್ಮ ದೇಶದಲ್ಲಿ ಮೊದಲು ಕಾಯಿದೆ ಮಾಡಿದ್ದು ಮುಂಬಯಿ ಪ್ರಾಂತ್ಯ, 1929ರಲ್ಲಿ. ಅದರ ಹಿಂದಿನ ವರ್ಷ ಮಸೂದೆ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅವರು ಅಲ್ಲಿನ ವಿಧಾನ ಪರಿಷತ್ತಿನಲ್ಲಿ ಅದರ ಪರವಾಗಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದ್ದರಿಂದ ಖರ್ಚಿನ ದೊಡ್ಡ ಪಾಲು ಸರ್ಕಾರ ಹೊರಬೇಕು. ಆದರೆ ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ತಪ್ಪಿಸಿಕೊಳ್ಳುವಂತಿಲ್ಲ ಅಂತ ಅವರ ವಾದ. ಈ ಮಾತು ನೆನಪಿರಲಿ, ಮುಂದೆ ಬೇಕಾಗ್ತದೆ.

ಕಾಯಿಲೆ ರಜೆಯ ದಾರಿ ಬೇರೆ. 1944ರಲ್ಲಿ ಪ್ರೊ. ಬಿ.ಪಿ. ಅಡಾರ್ಕರ್ ಅವರು ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಟ್ಟರು. ಅದರ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವು ಇ.ಎಸ್.ಐ. ಅನ್ನುವುದು ಹುಟ್ಟಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರು ಉದ್ಘಾಟನೆ ಮಾಡಿದರು, ಅದೇ ದಿನ ದೆಹಲಿಯಲ್ಲೂ ಶುರುವಾಯಿತು. ಇದರಲ್ಲಿ ಕೆಲಸಗಾರ ಮತ್ತು ಮಾಲೀಕ ಇಬ್ಬರೂ ತಿಂಗಳು ತಿಂಗಳು ಕಟ್ಟುತ್ತಾರೆ. 2019ರ ಜುಲೈಯಿಂದ ಕೆಲಸಗಾರನದು ಕೂಲಿಯ ಶೇ. 0.75, ಮಾಲೀಕನದು ಶೇ. 3.25. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಆ ನಿಧಿಯಿಂದಲೇ ಬರ್ತದೆ. ಎಲ್ಲರೂ ಸೇರಿ ಕೂಡಿಟ್ಟು ಕಷ್ಟಕ್ಕೆ ಬಿದ್ದವನಿಗೆ ಕೊಡುವುದು! ಇದು ಸಹಕಾರ ತತ್ವವೇ ಅಲ್ಲವಾ?

ಹೆರಿಗೆ ಸೌಲಭ್ಯಕ್ಕೆ ಇಡೀ ದೇಶಕ್ಕೊಂದು ಕಾಯಿದೆ ಬಂದದ್ದು 1961ರಲ್ಲಿ, 12 ವಾರಕ್ಕೆ. ಸಂಬಳ ಎಂದರೆ ಏನೇನು ಎಂಬುದನ್ನು ಅದರಲ್ಲಿ ಬಿಡಿಸಿ ಬರೆದಿದ್ದರು. ತುಟ್ಟಿಭತ್ಯೆ ಸೇರ್ತದೆ, ಮನೆ ಬಾಡಿಗೆ ಭತ್ಯೆ ಸೇರ್ತದೆ, ರಿಯಾಯಿತಿ ದರದಲ್ಲಿ ಕೊಡುವ ಕಾಳುಕಡ್ಡಿಯ ಬೆಲೆಯೂ ಸೇರ್ತದೆ. ಓವರ್‌ಟೈಮ್ ಸೇರುವುದಿಲ್ಲ. ಇಷ್ಟು ಬರೆದಿದ್ದರೂ ಜಗಳ ತಪ್ಪಲಿಲ್ಲ. ಕೊಯಮತ್ತೂರು ಕಡೆಯ ಒಂದು ತೋಟದ ಕೆಲಸದ ಹೆಣ್ಣುಮಗಳಿಗೆ 1968ರ ಜನವರಿಯಲ್ಲಿ ಹೆರಿಗೆಯಾಯಿತು. ತೋಟದವರು 12 ವಾರದಲ್ಲಿ 12 ಭಾನುವಾರ ಕಳೆದು 72 ದಿನಕ್ಕೆ ಮಾತ್ರ ಲೆಕ್ಕ ಹಾಕಿದರು. ಭಾನುವಾರ ಹೇಗೂ ಕೂಲಿ ಇಲ್ಲವಲ್ಲ ಅಂತ ಅವರ ಮಾತು. ವ್ಯಾಜ್ಯ ಲೇಬರ್ ಕೋರ್ಟಿನಿಂದ ಹೈಕೋರ್ಟ್, ಅಲ್ಲಿಂದ ಸುಪ್ರೀಂ ಕೋರ್ಟ್ ಮುಟ್ಟಿತು. 1977ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು: ವಾರ ಅಂದರೆ ಏಳು ದಿನ, 84 ದಿನಕ್ಕೂ ಕೊಡಬೇಕು. ಬಾಣಂತಿಗೆ ಭಾನುವಾರ ಹಸಿವು ಇರುವುದಿಲ್ಲವೇ? ಇಂಥ ಮಾತಿಗೆ ಸುಪ್ರೀಂ ಕೋರ್ಟೇ ಬೇಕಾಯಿತು. ಅಷ್ಟು ಹೊತ್ತಿಗೆ ಆ ಕೂಸು ಸ್ಲೇಟು ಬಳಪ ಹಿಡಿಯುವ ವಯಸ್ಸನ್ನೂ ದಾಟಿತ್ತು.

ಸರ್ಕಾರಿ ನೌಕರರ ಲೆಕ್ಕ ಇನ್ನೊಂದು ಥರ. ಕೇಂದ್ರ ಸರ್ಕಾರದ ನಿಯಮ ನೋಡಿದರೆ, ಅರ್ಧ ವೇತನದ ರಜೆಯಲ್ಲಿ ತುಟ್ಟಿಭತ್ಯೆಯೂ ಆ ಅರ್ಧದ ಮೇಲೇ ಬರ್ತದೆ. ತಿಂಗಳಿಡೀ ರಜೆ ಇದ್ದರೆ ಓಡಾಟದ ಭತ್ಯೆ ಇಲ್ಲ. ಮನೆ ಬಾಡಿಗೆ ಭತ್ಯೆ ಮಾತ್ರ ಆರು ತಿಂಗಳವರೆಗೆ ಹಿಂದಿನಂತೆಯೇ. ಇದು ನ್ಯಾಯವಾದ ಲೆಕ್ಕ ಅಂತ ನನಗೆ ಅನ್ನಿಸ್ತದೆ. ಯಾವ ಭತ್ಯೆ ಯಾತಕ್ಕೆ ಕೊಡುವುದು ಎಂದು ನೋಡಿಕೊಂಡು ಕಡಿದಿದ್ದಾರೆ.

ಈ ವಿಷಯ ನಮ್ಮ ಆಡಳಿತ ಮಂಡಳಿಗೂ ಬಂತು. ಗುಮಾಸ್ತೆ ಹುಡುಗಿ ಹೆರಿಗೆ ರಜೆಗೆ ಅರ್ಜಿ ಕೊಟ್ಟಾಗ ಒಬ್ಬ ನಿರ್ದೇಶಕರು, "ಮನೇಲಿ ಕೂತವಳಿಗೆ ಬಸ್ ಚಾರ್ಜು ಯಾಕ್ರೀ?" ಅಂದರು. ಅದು ಸರಿಯೇ. ಅವರೇ ಮುಂದುವರಿದು ಬಾಡಿಗೆ ಭತ್ಯೆಯನ್ನೂ ತೆಗೀರಿ ಅಂದಾಗ ಹಿರಿಯರೊಬ್ಬರು, "ಬಾಡಿಗೆ ಮನೆಯೇನು ಅವಳ ಜೊತೆ ತೌರಿಗೆ ಹೋಗ್ತದಾ? ಮಾಲೀಕ ಒಂದನೇ ತಾರೀಕು ಬಂದು ಬಾಗಿಲು ತಟ್ಟಲ್ವಾ?" ಅಂತ ಕೇಳಿದರು. ಸಭೆ ನಕ್ಕಿತು. ಬಾಡಿಗೆ ಭತ್ಯೆ ಉಳಿಯಿತು.

ಅಷ್ಟರಲ್ಲಿ ಕಾನೂನು ಮತ್ತೆ ಬದಲಾಗಿದೆ. 2017ರ ಏಪ್ರಿಲ್ 1ರಿಂದ ಹೆರಿಗೆ ರಜೆ 26 ವಾರ ಆಯಿತು, ಎರಡು ಮಕ್ಕಳಿರುವವರಿಗೆ 12 ವಾರ. 1948ರ ಕಾಯಿದೆ, 1961ರ ಕಾಯಿದೆ ಎರಡನ್ನೂ ಒಳಗೆ ಸೇರಿಸಿಕೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಇದರಲ್ಲಿ ಸಂಬಳ ಎಂದರೆ ಮೂಲ ವೇತನ, ತುಟ್ಟಿಭತ್ಯೆ ಇಂಥವು. ಮನೆ ಬಾಡಿಗೆ, ಓಡಾಟದ ಭತ್ಯೆಗಳು ಹೊರಗೆ. ಆದರೆ ಹೊರಗಿಟ್ಟದ್ದು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ಸಂಬಳವೇ ಆಗ್ತದೆ. ಉದಾಹರಣೆಗೆ ಒಟ್ಟು 12,000ದಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 5,000, ಉಳಿದ ಭತ್ಯೆ 7,000 ಇದ್ದರೆ 1,000 ಈ ಕಡೆಗೆ ಬಂದು ಸಂಬಳ 6,000 ಅಂತ ಲೆಕ್ಕ. ಮೂಲ ವೇತನ ಕಡಿಮೆ ತೋರಿಸಿ ಎಲ್ಲವನ್ನೂ ಭತ್ಯೆ ಎಂದು ಬರೆಯುವ ಜಾಣತನಕ್ಕೆ ಇದು ಕಡಿವಾಣ, ಒಳ್ಳೆಯದೇ. ಆದರೆ 1961ರಲ್ಲಿ ಬಾಡಿಗೆ ಭತ್ಯೆ ಮೊದಲ ರೂಪಾಯಿಯಿಂದಲೇ ಲೆಕ್ಕಕ್ಕೆ ಬರ್ತಿತ್ತು. ಆ ಮಟ್ಟಿಗೆ ಬಾಣಂತಿಗೆ ನಷ್ಟವೇ.

ಇನ್ನು ಮುಖ್ಯ ಮಾತು. ಅಂಗಡಿ, ಸಂಸ್ಥೆಗಳಿಗೆ ಈ ಹೆರಿಗೆ ಸೌಲಭ್ಯ ಕಡ್ಡಾಯವಾಗುವುದು ಹತ್ತು ಜನ ನೌಕರರಿದ್ದರೆ. ನಮ್ಮಲ್ಲಿ ನಾಲ್ಕೇ ಜನ. ಕಾನೂನು ಕೇಳುವುದಿಲ್ಲ, ಕೊಟ್ಟರೆ ನಮ್ಮ ಇಷ್ಟ. ಇ.ಎಸ್.ಐ. ವ್ಯಾಪ್ತಿಯವರಿಗೆ ನಿಧಿಯಿಂದ ಬರುವ ಹಣ ಇಲ್ಲಿ ಸಂಘದ ಲಾಭದಿಂದಲೇ ಹೋಗಬೇಕು. ಅಂಬೇಡ್ಕರ್ ಅವರು ಹೇಳಿದ ಸರ್ಕಾರದ ಪಾಲು ನಮ್ಮಂಥ ಸಣ್ಣ ಸಂಘದ ಖಾತೆಗೆ ಬರುವುದಿಲ್ಲ. ಆದ್ದರಿಂದ ಸದಸ್ಯರು ಖರ್ಚು ಎಷ್ಟು ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಲೆಕ್ಕ ಹೀಗಿದೆ. ಗುಮಾಸ್ತೆಯ ತಿಂಗಳ ಸಂಬಳ ಎಲ್ಲ ಸೇರಿ 14,000. ಅದರಲ್ಲಿ ಓಡಾಟದ 800 ಕಳೆದರೆ 13,200. ಆರು ತಿಂಗಳಿಗೆ 79,200. ಆ ಅವಧಿಗೆ ಬದಲಿ ಹುಡುಗನಿಗೆ ತಿಂಗಳಿಗೆ 9,000ದಂತೆ 54,000. ಒಟ್ಟು 1,33,200 ರೂಪಾಯಿ. ಇದು ಪ್ರತಿ ವರ್ಷ ಬರುವ ಖರ್ಚಲ್ಲ. ವರ್ಷಕ್ಕೆ 20,000 ಬೇರೆ ಖಾತೆಯಲ್ಲಿ ತೆಗೆದಿಟ್ಟರೆ ಏಳು ವರ್ಷದೊಳಗೆ ಕೂಡಿಬರ್ತದೆ. ಕಾಯಿಲೆಗೆ ವರ್ಷಕ್ಕೆ 12 ದಿನ ಪೂರ್ಣ ಸಂಬಳ, ಆಮೇಲೆ ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಅರ್ಧ, ಬಾಡಿಗೆ ಭತ್ಯೆ ಎರಡರಲ್ಲೂ ಪೂರ್ತಿ ಅಂತ ಮಂಡಳಿ ಕರಡು ಮಾಡಿದೆ. ರಾಜ್ಯದ 1961ರ ಅಂಗಡಿಗಳ ಕಾಯಿದೆಯಲ್ಲೂ ಕಾಯಿಲೆಗೆ ಇರುವುದು ಅದೇ 12 ದಿನ. ಬರುವ ವಾರ್ಷಿಕ ಮಹಾಸಭೆಯಲ್ಲಿ ಇದು 7ನೇ ವಿಷಯ. ಊಟಕ್ಕೆ ಮುಂಚೆಯೇ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೇಳಿದ್ದೇನೆ. ಊಟವಾದ ಮೇಲೆ ಸಭೆಯಲ್ಲಿ ಎಷ್ಟು ಜನ ಉಳಿತಾರೆ ಅಂತ ನಿಮಗೇ ಗೊತ್ತು.