ಹಡೆಯುವ ಕೋಣೆಯ ಸಾಮಾನು

ದಿಲ್ಲಿಯ ಪೀತಮ್‌ಪುರದಲ್ಲಿ ಮೆಟ್ರೊ ಹತ್ತಿ, ಕಾಶ್ಮೀರಿ ಗೇಟಿನಲ್ಲಿ ಬದಲಿಸಿ, ಚಾಂದನಿ ಚೌಕದಲ್ಲಿ ಇಳಿದು ಫತೇಪುರಿ ಮಸೀದಿಯ ಕಡೆ ನಡೆದರೆ ಖಾರಿ ಬಾವ್ಲಿ. ಬಾಣಂತಿಗೆ ಬೇಕಾದದ್ದೆಲ್ಲ ಅಲ್ಲಿ ಮೂಟೆಗಟ್ಟಲೆ ಸಿಗುತ್ತದೆ: ಅಂಟು, ಒಣಶುಂಠಿ, ಓಮ, ಹಿಪ್ಪಲಿ, ಅಳ್ವಿ, ಉತ್ತತ್ತಿ. ಗದಗ ಸೀಮೆಯವಳಾದ ನಾನು ಅಂಟಿನುಂಡಿ ಕಟ್ಟುವ ಸಾಮಾನಿನಲ್ಲೇ ನೆರೆಮನೆಯ ಪಂಜಾಬಿ ಹೆಂಗಸು ಪಂಜಿರಿ ಹುರಿಯುತ್ತಾಳೆ. ಸೊಸೆಗೆ ದಿನ ತುಂಬುವ ಮೊದಲೇ ಇಬ್ಬರ ಡಬ್ಬಿಗಳೂ ತುಂಬಿರುತ್ತವೆ. ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ.

ಹೆರಿಗೆಯೂ ಮನೆಯಲ್ಲೇ ಆಗುತ್ತಿದ್ದಾಗ ಈ ಸಾಮಾನಿನ ಪಟ್ಟಿ ಇನ್ನೂ ಉದ್ದವಿತ್ತು. ನಮ್ಮ ಅಜ್ಜಿ ಏಳನೇ ತಿಂಗಳಿಗೇ ಶುರು ಮಾಡುತ್ತಿದ್ದಳು. ಕುಳ್ಳು ಒಣಗಿಸಿ ಒಟ್ಟುವುದು, ಹರಳೆಣ್ಣೆ ಕಾಸಿಡುವುದು, ಬಜಿಯ ಬೇರು ಸುಟ್ಟಿಡುವುದು, ಲೋಬಾನ ತರಿಸುವುದು, ಹೊರಸಿನ ಕೆಳಗೆ ಇಡುವ ಶೇಗಡಿಯನ್ನು ಅಟ್ಟದಿಂದ ಇಳಿಸುವುದು, ಕೂಸಿಗೆ ಕುಂಚಿಗೆ ಹೊಲಿಯುವುದು. ಕೊಬ್ಬರಿ ಯಾವ ಅಂಗಡಿಯದು, ಬೆಲ್ಲ ಯಾವ ಗಾಣದ್ದು ಎಂಬುದಕ್ಕೂ ಅವಳ ಹತ್ತಿರ ನಿಯಮವಿತ್ತು. ತುಪ್ಪದ ಲೆಕ್ಕ ಕೇಳುವ ಧೈರ್ಯ ಅಜ್ಜನಿಗೂ ಇರಲಿಲ್ಲ.

ಇದೆಲ್ಲ ಕೂಸು ಹುಟ್ಟಿದ ಮೇಲಿನ ಸಾಮಾನು. ಹುಟ್ಟುವ ಗಳಿಗೆಗೆಂದು ಏನು ತೆಗೆದಿಡುತ್ತಿದ್ದರು? ಹರಿದ ಕೌದಿ, ಹಳೆ ಚಾಪೆ, ಸವೆದ ಸೀರೆಯ ತುಂಡುಗಳು. ಹೊಕ್ಕುಳಬಳ್ಳಿ ಕೊಯ್ಯಲು ಮೂಲೆಯಲ್ಲಿದ್ದ ಕುಡುಗೋಲು, ಇಲ್ಲವೇ ಬಿದಿರಿನ ಸೀಳು, ಮುಂದಿನ ದಿನಗಳಲ್ಲಿ ಗಂಡಸರು ಗಡ್ಡ ಕೆರೆದು ಬಿಟ್ಟ ಬ್ಲೇಡು. ಕಟ್ಟಲು ಸೀರೆಯ ಅಂಚಿನಿಂದ ಎಳೆದ ನೂಲು. ಗಾಯಕ್ಕೆ ಬೂದಿ, ಅರಿಸಿನ, ಕೆಲವು ಕಡೆ ಸಗಣಿಯೂ. ಹೊಸ ಬಟ್ಟೆ ಯಾಕಿಲ್ಲ ಎಂದು ಕೇಳಿದರೆ ಅಜ್ಜಿ, “ಹೊರಗ ಒಗೆಯೋ ಅರಿವಿಗೆ ಹೊಸಾದ್ಯಾಕ ಬೇಕವಾ?” ಎನ್ನುತ್ತಿದ್ದಳು.

ಈ ಮಾತಿನಲ್ಲೇ ಎಲ್ಲವೂ ಇದೆ. ಹೆರಿಗೆಯೆಂದರೆ ಪುರುಡು, ಮೈಲಿಗೆ. ಅಲ್ಲಿ ಮುಟ್ಟಿದ್ದೆಲ್ಲ ಒಗೆತಕ್ಕೋ ತಿಪ್ಪೆಗೋ ಹೋಗಬೇಕು. ಹಾಗಾಗಿ ಮನೆಯಲ್ಲಿ ಯಾವುದು ಕೆಲಸಕ್ಕೆ ಬಾರದೋ ಅದು ಆ ಕೋಣೆಗೆ. ಬಳ್ಳಿ ಕೊಯ್ಯುವ ಕೆಲಸವಂತೂ ಎಲ್ಲಕ್ಕಿಂತ ಕೀಳು. ಉತ್ತರದಲ್ಲಿ ಅದು ಬಹುಪಾಲು ದಲಿತ ಜಾತಿಗಳ ದಾಯಿಯ, ಅಂದರೆ ಸೂಲಗಿತ್ತಿಯ, ಪಾಲಿಗೆ ಬಂತು. ದಕ್ಷಿಣದ ಅನೇಕ ಊರುಗಳಲ್ಲಿ ಕ್ಷೌರಿಕರ ಮನೆಯ ಹೆಂಗಸರ ಪಾಲಿಗೆ. ಮೊರದಲ್ಲಿ ಜೋಳ, ಬೆಲ್ಲ, ಕೊಬ್ಬರಿ, ಎಲೆ-ಅಡಿಕೆ ಇಟ್ಟು ಸೂಲಗಿತ್ತಿಗೆ ಕೊಡುತ್ತಿದ್ದ ಮನೆಗಳು ಒಂದು ಹೊಸ ಬ್ಲೇಡು ಕೊಡಲಿಲ್ಲ.

ಅದರ ಬೆಲೆ ತೆತ್ತದ್ದು ಕೂಸುಗಳು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ; ಹಸಿ ಹೊಕ್ಕುಳು ಅದಕ್ಕೆ ತೆರೆದ ಬಾಗಿಲು. ಮೂರನೇ ದಿನದಿಂದ ಎರಡು ವಾರದೊಳಗೆ, ಹೆಚ್ಚಾಗಿ ಒಂದು ವಾರದ ಹೊತ್ತಿಗೆ, ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಕೂಸಿನ ದವಡೆ ಬಿಗಿಯುತ್ತದೆ, ಮೈ ಸೆಟೆಯುತ್ತದೆ. ನಮ್ಮಲ್ಲಿ ಐದನೇ ರಾತ್ರಿ ಎಚ್ಚರವಿದ್ದು ಹಣೆಬರಹ ಬರೆಯುವ ತಾಯಿಯನ್ನು ಪೂಜಿಸುತ್ತಾರೆ, ದಿಲ್ಲಿಯಲ್ಲಿ ಆರನೇ ದಿನ ಛಟಿ ಮಾಡುತ್ತಾರೆ. ಆ ದಿನಗಳ ಭಯ ಬರೀ ಕಲ್ಪನೆಯಲ್ಲ ಅಂತ ನನಗನ್ನಿಸುತ್ತದೆ. ಆದರೆ ಭಯದ ಮೂಲ ಕುಡುಗೋಲಿನಲ್ಲಿತ್ತು, ನಾವು ದೀಪ ಹಚ್ಚಿದ್ದು ಬೇರೆ ಕಡೆ.

ಸರಕಾರಗಳು ಸೂಲಗಿತ್ತಿಯ ಕಡೆ ಮೊದಲು ನೋಡಿದ್ದು ಬೈಯುವುದಕ್ಕೆ. ದಾಯಿಯರನ್ನು ತಿದ್ದಲೆಂದು 1903ರಲ್ಲಿ ವೈಸರಾಯರ ಹೆಂಡತಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಮಾರಕ ನಿಧಿ ತೆರೆದರು. 1927ರಲ್ಲಿ ಅಮೆರಿಕದ ಲೇಖಕಿ ಕ್ಯಾಥರಿನ್ ಮೇಯೊ ತನ್ನ ‘ಮದರ್ ಇಂಡಿಯಾ’ದಲ್ಲಿ ಕೊಳಕಿನ ಹೊಣೆಯನ್ನೆಲ್ಲ ದಾಯಿಯ ತಲೆಗೆ ಕಟ್ಟಿದಳು. ಆ ಕೊಳಕು ಅರಿವೆಯನ್ನು ಅವಳ ಕೈಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಉಳಿಯಿತು. 1977ರ ಗ್ರಾಮೀಣ ಆರೋಗ್ಯ ಯೋಜನೆ ಬಂದ ಮೇಲೆ ದಾಯಿಯರಿಗೆ 30 ದಿನದ ತರಬೇತಿ, 300 ರೂಪಾಯಿ ಭತ್ಯೆ, ಕೊನೆಗೆ ಒಂದು ಹೆರಿಗೆ ಪೆಟ್ಟಿಗೆ. ಆಮೇಲೆ ಒಮ್ಮೆ ಬಳಸಿ ಎಸೆಯುವ ಪೊಟ್ಟಣ ಬಂತು: ಸಾಬೂನು, ಬ್ಲೇಡು, ದಾರ, ಪ್ಲಾಸ್ಟಿಕ್ ಹಾಳೆ, ಹತ್ತಿ. ಕೈ, ಹಾಸು, ಬ್ಲೇಡು, ದಾರ, ಹೊಕ್ಕುಳು ಐದೂ ಶುಚಿಯಾಗಿರಲಿ ಎಂದು ಹೇಳಿಕೊಟ್ಟರು. ಅಜ್ಜಿಯ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನೇ ಆರಿಸಿ ಕಟ್ಟಿದಂಥ ಪೊಟ್ಟಣ ಅದು. ಗರ್ಭಿಣಿಗೆ ಟಿ.ಟಿ. ಚುಚ್ಚುಮದ್ದು, ಈ ಶುಚಿ, ಆಸ್ಪತ್ರೆ ಎಲ್ಲ ಸೇರಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ಘೋಷಣೆಯಾಯಿತು.

ಮನೆಹೆರಿಗೆ ನಾವು ತಿಳಿದಷ್ಟು ಹಿಂದಿನ ಮಾತಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಸ್ಪತ್ರೆಯಲ್ಲಿ ಆದ ಹೆರಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65, ರಾಜಧಾನಿ ದಿಲ್ಲಿಯಲ್ಲಿ ಸುಮಾರು 59. ಪೀತಮ್‌ಪುರಕ್ಕೆ ಆಗಲೇ ಮೆಟ್ರೊ ಬಂದು ಒಂದು ವರ್ಷ ದಾಟಿತ್ತು. ಅದೇ 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು. 2019-21ರ ಹೊತ್ತಿಗೆ ಕರ್ನಾಟಕ 97, ದಿಲ್ಲಿ 92ರ ಆಸುಪಾಸು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಕಸುಬು ಮುಗಿಯುವ ಹೊತ್ತಿಗೆ ಮರ್ಯಾದೆ ಬಂತು. ನಮ್ಮ ದೇಶದ ಪದ್ಧತಿ.

ನನಗೆ ಇದೆಲ್ಲದರಲ್ಲಿ ದೊಡ್ಡದಾಗಿ ಕಾಣುವುದು ಕರ್ನಾಟಕ 2007ರಲ್ಲಿ ತಂದ ಮಡಿಲು ಕಿಟ್. ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಸೊಳ್ಳೆಪರದೆ, ಜಮಖಾನ, ಹೊಟ್ಟೆ ಕಟ್ಟುವ ಬಟ್ಟೆ, ಕೂಸಿಗೆ ರಬ್ಬರ್ ಹಾಳೆ, ಸ್ವೆಟರು, ಟೊಪ್ಪಿಗೆ. ಎಲ್ಲವೂ ಹೊಸದು. ಹಡೆದವಳಿಗೆ ಹಳತೇ ಸಾಕೆಂಬ ಲೆಕ್ಕವನ್ನು ಅದು ಮುರಿಯಿತು.

ಅಂಟಿನುಂಡಿ ಕಟ್ಟಿರಿ, ಪಂಜಿರಿ ಹುರಿಯಿರಿ, ಶೆಕೆಗಾಲದ ದಿಲ್ಲಿಯಲ್ಲಿ ಶೇಗಡಿಯನ್ನು ಮಾತ್ರ ದಯವಿಟ್ಟು ಬಿಡಿ. ಕೂಸಿನ ಹೊಕ್ಕುಳಿಗೆ ಹರಳೆಣ್ಣೆಯೋ ಅರಿಸಿನವೋ ಬೂದಿಯೋ ಹಿಡಿದು ಮನೆಯ ಹಿರಿಯರು ಬಂದರೆ ಕೈ ಮುಗಿದು ತಡೆಯಿರಿ. ಅದಕ್ಕೆ ಏನೂ ಹಚ್ಚಬಾರದು, ಒಣಗಲು ಬಿಡಬೇಕು, ತಾನೇ ಉದುರುತ್ತದೆ.