ಎರಡನೆಯ ಭಾಗಕ್ಕೆ ಹಣ ಎಲ್ಲಿಂದ?



ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಿಂದ ಪದವಿ ತರಗತಿಯ ವಿದ್ಯಾರ್ಥಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದಾರೆ. ತಮ್ಮ ಸೀಮೆಯ ಉಮ್ಮತ್ತೂರು ಅರಸರ ಕಥೆಯನ್ನು ಐದು ಭಾಗಗಳ ಕಾದಂಬರಿಯಾಗಿ ಬರೆಯಬೇಕೆಂಬ ಆಸೆ ಅವರದು. ಮೊದಲ ಭಾಗ ಅರ್ಧ ಮುಗಿದಿದೆಯಂತೆ. ಕಥೆ ಹೇಗಿರಬೇಕು, ಭಾಷೆ ಹೇಗಿರಬೇಕು ಎಂದು ಅವರು ಕೇಳಿಲ್ಲ. 'ಮೊದಲ ಭಾಗ ಅಚ್ಚಾಗಿ ಎರಡನೆಯದು ಬರುವ ತನಕ ಬರೆಯುವವನು ಏನು ತಿನ್ನಬೇಕು ಸಾರ್?' ಎಂದು ಕೇಳಿದ್ದಾರೆ.

ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಡಿಮೆ. ಅಲ್ಲಿ ಪ್ರಕಾರ, ಪ್ರಭಾವ, ಪಂಥಗಳ ಮಾತು ಇರುತ್ತದೆ. ಕಾಗದದ ಬೆಲೆ, ಅಂಗಡಿಯವನ ರಿಯಾಯಿತಿ, ಚಂದಾದಾರರ ಪಟ್ಟಿ ಇರುವುದಿಲ್ಲ. ಆದರೆ ಕನ್ನಡದಲ್ಲಿ ಸರಣಿಯಾಗಿ ಬರೆದವರ ಕಥೆಯನ್ನು ಈ ಕಡೆಯಿಂದ ನೋಡಿದರೆ ಒಂದು ಬೇರೆಯೇ ಚರಿತ್ರೆ ಕಾಣುತ್ತದೆ.

ಮೊದಲು ಒಂದು ಲೆಕ್ಕ. ನಾನು ವಿಜ್ಞಾನ ಓದಿದವನು, ಲೆಕ್ಕವಿಲ್ಲದೆ ಸಮಾಧಾನವಾಗುವುದಿಲ್ಲ. ಒಂದು ಕಾದಂಬರಿಯ ಬೆಲೆ 200 ರೂಪಾಯಿ, ಗೌರವಧನ ನೂರಕ್ಕೆ 10, ಅಚ್ಚಾದದ್ದು 1000 ಪ್ರತಿ ಎಂದಿಟ್ಟುಕೊಳ್ಳಿ. ಎಲ್ಲವೂ ಮಾರಿದರೆ ಲೇಖಕನಿಗೆ 20,000 ರೂಪಾಯಿ. ಈಗ ಎರಡನೆಯ ಭಾಗ ಬಂತು. ಅದನ್ನು ಕೊಳ್ಳುವವರು ಯಾರು? ಮೊದಲನೆಯದನ್ನು ಓದಿದವರು ಮಾತ್ರ. ಅವರಲ್ಲೂ ಕೆಲವರಿಗೆ ಕಥೆ ಹಿಡಿಸಿರುವುದಿಲ್ಲ, ಕೆಲವರಿಗೆ ಪುಸ್ತಕ ಬಂದ ಸುದ್ದಿಯೇ ತಲುಪಿರುವುದಿಲ್ಲ. ಪ್ರತಿ ಸಲ ನೂರರಲ್ಲಿ ಅರವತ್ತು ಮಂದಿ ಉಳಿಯುತ್ತಾರೆ ಎಂದುಕೊಂಡರೆ 1000, 600, 360, 216, ಕೊನೆಗೆ ಐದನೆಯ ಭಾಗಕ್ಕೆ ಸುಮಾರು 130 ಪ್ರತಿ. ನೀವು ಕಲಿತ ಗುಣೋತ್ತರ ಶ್ರೇಢಿ ಇದೇ. ಐದನೆಯ ಭಾಗದಿಂದ ಲೇಖಕನ ಕೈಗೆ ಬರುವುದು ಸುಮಾರು 2,600 ರೂಪಾಯಿ. ಬರೆಯುವ ಶ್ರಮ ಮಾತ್ರ ಐದಕ್ಕೂ ಒಂದೇ. ಅಕ್ಷರ ಜೋಡಿಸುವ, ಕರಡು ತಿದ್ದುವ ಖರ್ಚೂ ಅಷ್ಟೇ. ಮೊದಲ ಭಾಗದ ಪ್ರತಿಗಳು ಮುಗಿದುಹೋದರಂತೂ ಹೊಸ ಓದುಗ ಒಳಗೆ ಬರುವ ಬಾಗಿಲೇ ಮುಚ್ಚಿದಂತೆ. ಆದ್ದರಿಂದ ಮೊದಲನೆಯದನ್ನು ಮತ್ತೆ ಮತ್ತೆ ಅಚ್ಚು ಹಾಕಿಸುತ್ತಲೇ ಇರಬೇಕು. ಸರಣಿ ಬರೆಯುವವನ ಬಂಡವಾಳ ಹೀಗೆ ಎರಡೂ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಗಂಟಿನಲ್ಲಿ ಸಿಕ್ಕಿದವರ ಪೈಕಿ ಅತ್ಯಂತ ದಾರುಣವಾದ ಉದಾಹರಣೆ ಚಂದಕವಾಡಿಗೆ ನೆರೆಯವರೇ. ಯಳಂದೂರು ತಾಲ್ಲೂಕಿನ ಅಗರ ಗ್ರಾಮದಲ್ಲಿ 1898ರಲ್ಲಿ ಹುಟ್ಟಿದ ವೆಂಕಟಾದ್ರಿ ಅಯ್ಯರ್, 'ಸಂಸ' ಎಂಬ ಹೆಸರಿನಲ್ಲಿ ಬರೆದವರು. ಅವರದು ಕಾದಂಬರಿಯಲ್ಲ, ನಾಟಕ. ಆದರೆ ಯೋಜನೆ ಪಕ್ಕಾ ಸರಣಿಯದು. ಮೈಸೂರು ಅರಸರ ಚರಿತ್ರೆಯನ್ನು ಒಂದಾದ ಮೇಲೊಂದರಂತೆ ನಾಟಕವಾಗಿಸುವ ಹಂಬಲ. ಅವರು ಇಪ್ಪತ್ತಮೂರು ನಾಟಕ ಬರೆದಿದ್ದರೆಂಬ ಮಾತಿದೆ. ನಮಗೆ ಉಳಿದಿರುವುದು ಆರು: ಸುಗುಣ ಗಂಭೀರ, ವಿಗಡ ವಿಕ್ರಮರಾಯ, ವಿಜಯ ನಾರಸಿಂಹ, ಬಿರುದೆಂತೆಂಬರ ಗಂಡ, ಬೆಟ್ಟದ ಅರಸು, ಮಂತ್ರಶಕ್ತಿ.

ಯಾಕೆ ಹೀಗಾಯಿತು? ಸಂಸರ ಮನಸ್ಸಿನ ತಳಮಳ ಒಂದು ಕಾರಣ. ಪೊಲೀಸರು ತಮ್ಮನ್ನು ಹಿಂಬಾಲಿಸುತ್ತಿದ್ದಾರೆಂಬ ಭಯ ಅವರನ್ನು ಬಿಡಲಿಲ್ಲ. ಊರೂರು ಅಲೆದರು, ಒಂದು ಕೆಲಸದಲ್ಲಿ ನಿಲ್ಲಲಿಲ್ಲ. ಆದರೆ ಅದೊಂದೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣದು. ಆ ಕಾಲದಲ್ಲಿ ನಾಟಕಕ್ಕೆ ಹಣ ಕೊಡುತ್ತಿದ್ದವು ವೃತ್ತಿ ನಾಟಕ ಕಂಪನಿಗಳು. ಅವಕ್ಕೆ ಬೇಕಾಗಿದ್ದದ್ದು ಹಾಡು, ಪುರಾಣ, ಸೀನರಿ, ರಾತ್ರಿಯಿಡೀ ಓಡುವ ಆಟ. ಹಳಗನ್ನಡದ ಬಿಗಿಯುಳ್ಳ ಗದ್ಯದಲ್ಲಿ ಅರಮನೆಯ ಒಳಸಂಚನ್ನು ಹೇಳುವ ನಾಟಕವನ್ನು, ಅದೂ ಸಾಲಾಗಿ, ಯಾವ ಕಂಪನಿಯೂ ಕೊಳ್ಳುತ್ತಿರಲಿಲ್ಲ. ಬಿಡಿ ನಾಟಕವೇ ಅಚ್ಚಾಗುವುದು ಕಷ್ಟವಾಗಿದ್ದಾಗ ಇಪ್ಪತ್ತಮೂರನ್ನು ಅಚ್ಚು ಹಾಕುವ ಪ್ರಕಾಶಕ ಎಲ್ಲಿದ್ದ? 1939ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಸಂಸರು ಮೈಸೂರಿನಲ್ಲಿ ತೀರಿಕೊಂಡರು. ಜಿ.ಪಿ. ರಾಜರತ್ನಂ ಅವರಂಥವರು ಆಸ್ಥೆಯಿಂದ ಹುಡುಕಿ ಬೆಳಕಿಗೆ ತರದಿದ್ದರೆ ಆ ಆರೂ ಪೂರ್ತಿಯಾಗಿ ನಮಗೆ ದಕ್ಕುತ್ತಿದ್ದವೋ ಇಲ್ಲವೋ. ಇಂದು ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿರುವ ಬಯಲು ರಂಗಮಂದಿರಕ್ಕೆ ಸಂಸರ ಹೆಸರಿದೆ.

ಇನ್ನು ಉತ್ತರಕ್ಕೆ ಹೋಗೋಣ. ಸಂಸರಿಗಿಂತ ಒಂದು ತಲೆಮಾರು ಹಿಂದೆ, ಹಾವೇರಿ ಸೀಮೆಯಲ್ಲಿ, ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಶಿಕ್ಷಕರಿದ್ದರು. 1869ರಲ್ಲಿ ಹುಟ್ಟಿದ ಇವರನ್ನು ನೀವೆಲ್ಲ ಗಳಗನಾಥ ಎಂದು ಬಲ್ಲಿರಿ. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಸ್ವತಂತ್ರವಾಗಿಯೂ ಬರೆದವರು. 'ಕನ್ನಡಿಗರ ಕರ್ಮಕಥೆ', 'ಮಾಧವ ಕರುಣಾವಿಲಾಸ' ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಇವರ ಕಾಲಕ್ಕೆ ಕನ್ನಡದಲ್ಲಿ ಪುಸ್ತಕ ಕೊಳ್ಳುವ ರೂಢಿಯೇ ಇರಲಿಲ್ಲವೆನ್ನಬೇಕು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಅವರು ಮಾರಿದರು ಎಂಬುದು ಉತ್ತರ ಕರ್ನಾಟಕದಲ್ಲಿ ಮನೆಮಾತು. ಪಠ್ಯಪುಸ್ತಕಗಳು ಇದನ್ನು ತ್ಯಾಗದ ಕಥೆಯಾಗಿ ಹೇಳುತ್ತವೆ. ತ್ಯಾಗ ಹೌದು; ಜೊತೆಗೆ ಅದು ವಿತರಣೆಯೂ ಹೌದು. ನಡುವೆ ಅಂಗಡಿಯವನಿಲ್ಲ, ರಿಯಾಯಿತಿ ಇಲ್ಲ, ಯಾರ ಮನೆಯಲ್ಲಿ ಹಿಂದಿನ ಪುಸ್ತಕ ಓದಿದ್ದಾರೆ, ಮುಂದಿನದು ಯಾರಿಗೆ ಬೇಕು ಎಂಬುದು ಮಾರುವವನಿಗೇ ಗೊತ್ತು.

ಗಳಗನಾಥರಿಗೆ ಇನ್ನೊಂದು ಆಸರೆ ಇತ್ತು: ಮಾಸಪತ್ರಿಕೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಸಂಪಾದಕತ್ವ ಅವರದಾಗಿತ್ತು. ಅವರ ಕಾದಂಬರಿಗಳು ಅದರಲ್ಲಿ ಕಂತು ಕಂತಾಗಿ ಬಂದವು. ಕಂತಿನ ಜಾಣತನ ನೋಡಿ. ಓದುಗ ವರ್ಷದ ಚಂದಾ ಮೊದಲೇ ಕಟ್ಟಿರುತ್ತಾನೆ. ಆದ್ದರಿಂದ ಹನ್ನೆರಡನೆಯ ಕಂತಿನ ಕಾಗದಕ್ಕೆ ಹಣ ಮೊದಲನೆಯ ಕಂತಿಗಿಂತ ಮುಂಚೆಯೇ ಬಂದಿರುತ್ತದೆ. ನನ್ನ ಗುಣೋತ್ತರ ಶ್ರೇಢಿ ಒಂದು ವರ್ಷದ ಮಟ್ಟಿಗಾದರೂ ಅಲ್ಲಿ ಕೆಲಸ ಮಾಡುವುದಿಲ್ಲ! ದೂರದರ್ಶನದ ನಾವು ಇಂದಿಗೂ 'ಧಾರಾವಾಹಿ' ಎನ್ನುವ ಪದ ಪತ್ರಿಕೆಗಳ ಈ ಕಂತಿನ ಕಾದಂಬರಿಗೂ ಸಲ್ಲುವ ಪದ.

ಇದೇ ತತ್ತ್ವವನ್ನು ಪುಸ್ತಕಕ್ಕೆ ಹೊಂದಿಸಿದವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಅವರು ಗೆಳೆಯರೊಡನೆ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು, ಬೇಂದ್ರೆಯವರ ಬೆಂಬಲವಿತ್ತು. ವರ್ಷದ ಚಂದಾ ಕಟ್ಟಿದವರಿಗೆ ಆ ವರ್ಷದ ಪುಸ್ತಕಗಳು ಬರುತ್ತವೆ. ಯಾವ ಪುಸ್ತಕ ಎಂಬುದನ್ನು ಗ್ರಂಥಮಾಲೆ ಆರಿಸುತ್ತದೆ. ಓದುಗ ಒಂದು ಪುಸ್ತಕವನ್ನಲ್ಲ, ಒಂದು ನಂಬಿಕೆಯನ್ನು ಕೊಳ್ಳುತ್ತಾನೆ. ಹೆಸರೇ ಕೇಳದ ಹೊಸಬನ ಪುಸ್ತಕವೂ ಹೀಗೆ ಮನೆಗೆ ಹೋಗುತ್ತದೆ. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಬಂದದ್ದು ಇಲ್ಲಿಂದ, 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದೂ ಇಲ್ಲಿಂದಲೇ. ಸುಭಾಷ ರಸ್ತೆಯ ಆ ಪ್ರಸಿದ್ಧ 'ಅಟ್ಟ' ಸಾಹಿತಿಗಳ ಹರಟೆಯ ತಾಣ ಎಂದು ಎಲ್ಲರೂ ಬರೆದಿದ್ದಾರೆ. ನನ್ನ ಮಟ್ಟಿಗೆ ಅದು ಒಂದು ಚಂದಾ ಕಚೇರಿ. ಹಾಗೆ ಹೇಳಿದರೆ ಅದರ ಗೌರವ ಕಡಿಮೆಯಾಗುವುದಿಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಈ ತೊಂದರೆ ಇಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಹಾಗಾದರೆ ನಿಮ್ಮ ಪಕ್ಕದ ಮೈಸೂರಿನ ಆರ್.ಕೆ. ನಾರಾಯಣ್ ಅವರನ್ನು ನೋಡಿ. ಮಾಲ್ಗುಡಿ ಎಂಬ ಒಂದೇ ಊರನ್ನು ಕಟ್ಟಿ ಅದರ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದವರು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂತು, ಪ್ರಕಾಶಕರು ಹ್ಯಾಮಿಷ್ ಹ್ಯಾಮಿಲ್ಟನ್. 'ದಿ ಬ್ಯಾಚಲರ್ ಆಫ್ ಆರ್ಟ್ಸ್' 1937ರಲ್ಲಿ, ಪ್ರಕಾಶಕರು ನೆಲ್ಸನ್. 'ದಿ ಡಾರ್ಕ್ ರೂಮ್' 1938ರಲ್ಲಿ, ಪ್ರಕಾಶಕರು ಮ್ಯಾಕ್‌ಮಿಲನ್. ಮೂರು ಪುಸ್ತಕಕ್ಕೆ ಮೂರು ಪ್ರಕಾಶಕರು ಯಾಕೆ? ಮಾರಾಟ ಸಾಲದೆ ಹೋದದ್ದರಿಂದ. ಗ್ರಹಾಂ ಗ್ರೀನ್ ಅವರಂಥ ಹೆಸರಾಂತ ಕಾದಂಬರಿಕಾರ ಶಿಫಾರಸು ಮಾಡುತ್ತಿದ್ದರೂ ಇದೇ ಗತಿ! ಮಹಾಯುದ್ಧ ಬಂದು ಲಂಡನ್ನಿನ ದಾರಿ ಕಷ್ಟವಾದಾಗ ನಾರಾಯಣ್ ಮೈಸೂರಿನಲ್ಲಿಯೇ 'ಇಂಡಿಯನ್ ಥಾಟ್' ಎಂಬ ತ್ರೈಮಾಸಿಕವನ್ನು 1941ರಲ್ಲಿ ಹೊರಡಿಸಿದರು. ಅದು ಮೂರು ಸಂಚಿಕೆಗಳಿಗೆ ನಿಂತಿತು. ಆದರೆ ಅದೇ ಹೆಸರಿನ ಪ್ರಕಾಶನ ಉಳಿಯಿತು, ಅವರ ಪುಸ್ತಕಗಳನ್ನು ಭಾರತದಲ್ಲಿ ಅಚ್ಚಿನಲ್ಲಿ ಇಟ್ಟಿತು. ಶಂಕರ್ ನಾಗ್ ಅವರ ಮಾಲ್ಗುಡಿ ದೂರದರ್ಶನದಲ್ಲಿ ಕಾಣಿಸಿಕೊಂಡದ್ದು ಮೊದಲ ಪುಸ್ತಕ ಬಂದ ಅರ್ಧ ಶತಮಾನದ ನಂತರ.

1950ರ ದಶಕದಿಂದ ಮುಂದೆ ಕನ್ನಡದಲ್ಲಿ ಇನ್ನೊಂದು ಬಗೆಯ ಸರಣಿ ಹುಟ್ಟಿತು. ಎನ್. ನರಸಿಂಹಯ್ಯ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದರು. ಹೆಚ್ಚು ಶಾಲೆ ಕಲಿಯದ ಇವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರೆಂದು ಹೇಳುತ್ತಾರೆ. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ನಿಮಗೆ ಗೊತ್ತೇ? ವಿಮರ್ಶಕರು ಇವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ಇವರು ಕಂಡುಕೊಂಡ ದಾರಿ ಬಲು ಸರಳ: ಪಾತ್ರ ಒಂದೇ, ಕಥೆ ಪ್ರತಿ ಸಲ ಪೂರ್ತಿ. ಇನ್ನೂರನೆಯ ಪುಸ್ತಕದಿಂದ ಓದಲು ಶುರುಮಾಡಿದರೂ ಅಡ್ಡಿಯಿಲ್ಲ. ಮೊದಲ ಭಾಗ ಮುಗಿದುಹೋಯಿತೆಂಬ ಚಿಂತೆ ಪ್ರಕಾಶಕನಿಗಿಲ್ಲ.

ಹಾಗಾದರೆ ಇವರು ಶ್ರೀಮಂತರಾದರೇ? ಇಲ್ಲ. ಅಗ್ಗದ ಕಾಗದದ ಈ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮಾರಿಹೋದಷ್ಟೇ ಬಾಡಿಗೆ ಪುಸ್ತಕದ ಅಂಗಡಿಗಳಲ್ಲೂ ಓಡಾಡಿದವು. ಬಾಡಿಗೆ ಅಂಗಡಿಯಲ್ಲಿ ಒಂದು ಪ್ರತಿಯನ್ನು ಬೀದಿಗೆ ಬೀದಿಯೇ ಓದುತ್ತದೆ. ಲೇಖಕನಿಗೆ ದುಡ್ಡು ಒಂದೇ ಪ್ರತಿಗೆ. ಅದಕ್ಕಿಂತ ಮುಖ್ಯವಾಗಿ, ಆಗ ಜನಪ್ರಿಯ ಕಾದಂಬರಿಯ ಹಸ್ತಪ್ರತಿಯನ್ನು ಒಂದು ಇಡುಗಂಟಿಗೆ ಮಾರಿಬಿಡುವುದು ಸಾಮಾನ್ಯವಾಗಿತ್ತು. ಮನೆ ಬಾಡಿಗೆಯ ದಿನ ಹತ್ತಿರ ಬಂದಾಗ ಹಕ್ಕಿನ ಮಾತು ಯಾರಿಗೆ ನೆನಪಾಗುತ್ತದೆ?

ಐತಿಹಾಸಿಕ ಸರಣಿಯನ್ನು ದಡ ಮುಟ್ಟಿಸಿದವರೂ ಇದ್ದಾರೆ. ಪತ್ರ ಬರೆದವರಿಗೆ ಹತ್ತಿರದ ಮಾದರಿ ತ.ರಾ.ಸು. ಚಿತ್ರದುರ್ಗದ ಪಾಳೆಯಗಾರರ ಮೇಲೆ ಅವರು ಎಂಟು ಕಾದಂಬರಿ ಬರೆದರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಒಂದಕ್ಕೊಂದು ಹೆಣೆದವು. ಕೊನೆಯ 'ದುರ್ಗಾಸ್ತಮಾನ' ಬಂದದ್ದು 1982ರಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ದಶಕಗಳೇ ಕಳೆದವು. ನಡುವೆ ಅವರು ಬದುಕಿದ್ದು ಹೇಗೆ? ಬೇರೆ ಸಾಮಾಜಿಕ ಕಾದಂಬರಿಗಳನ್ನು ಬರೆದು. ಜೊತೆಗೆ ಸಿನಿಮಾ ಎಂಬ ಹೊಸ ಗಿರಾಕಿ ಬಂದಿತ್ತು. 1972ರ 'ನಾಗರಹಾವು' ಚಿತ್ರಕ್ಕೆ ಪುಟ್ಟಣ್ಣ ಕಣಗಾಲರು ಬಳಸಿದ್ದು ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು. ಅದೇ ವರ್ಷ ನಿಮ್ಮ ಗಾಜನೂರಿನ ರಾಜ್‌ಕುಮಾರ್ ನಟಿಸಿದ 'ಬಂಗಾರದ ಮನುಷ್ಯ' ಟಿ.ಕೆ. ರಾಮರಾವ್ ಅವರ ಕಾದಂಬರಿ. ಚಿತ್ರ ಬಂದ ಮೇಲೆ ಪುಸ್ತಕಕ್ಕೂ ಹೊಸ ಓದುಗರು ಬರುತ್ತಾರೆ. ಆದರೆ ಸಿನಿಮಾದವರು ಬರುವರೆಂದು ನಂಬಿ ಸರಣಿ ಆರಂಭಿಸುವುದು ಮಳೆ ನಂಬಿ ಸಾಲ ಮಾಡಿದಂತೆ. ಗುಂಡ್ಲುಪೇಟೆಯ ರೈತರನ್ನು ಕೇಳಿ, ಹೇಳುತ್ತಾರೆ.

ಇಂದಿನ ಮಾತು ಸ್ವಲ್ಪ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ಬಂದ ಸಗಟು ಖರೀದಿ ಕನ್ನಡ ಪ್ರಕಾಶಕರ ಊರುಗೋಲಾಯಿತು. ಬಹುಕಾಲ ಆಯ್ಕೆಯಾದ ಪುಸ್ತಕದ 300ರಷ್ಟು ಪ್ರತಿಗಳನ್ನು ಇಲಾಖೆ ಕೊಳ್ಳುತ್ತಿತ್ತು. ಆಯ್ಕೆ ಮತ್ತು ಹಣ ತಡವಾಗುತ್ತವೆ ಎಂಬ ದೂರು ಅಷ್ಟೇ ಹಳೆಯದು. ಸರಣಿಗೆ ಇಲ್ಲೊಂದು ವಿಶೇಷ ತೊಡಕಿದೆ: ಎರಡನೆಯ ಭಾಗ ಆಯ್ಕೆಯಾಗಿ ಮೊದಲನೆಯದು ಆಗದೆ ಹೋದರೆ, ನಿಮ್ಮೂರಿನ ಅರಿವು ಕೇಂದ್ರದ ಕಪಾಟಿನಲ್ಲಿ ತಲೆಯಿಲ್ಲದ ಕಥೆ ಕೂತಿರುತ್ತದೆ. ಇನ್ನೊಂದು ಕಡೆ, ನೂರು ಪ್ರತಿಯನ್ನಷ್ಟೇ ಅಚ್ಚು ಹಾಕುವ ಯಂತ್ರ ಬಂದಿರುವುದರಿಂದ ಮೊದಲ ಭಾಗವನ್ನು ಸದಾ ಲಭ್ಯವಿರಿಸುವುದು ಈಗ ಸುಲಭ. ಮೊಬೈಲಿನಲ್ಲಿ 'ಪ್ರತಿಲಿಪಿ'ಯಂಥ ತಾಣಗಳು ಕಂತಿನ ಕಥೆಯನ್ನು ಮತ್ತೆ ತಂದಿವೆ. ಮುಂದಿನ ಕಂತನ್ನು ಬೇಗ ಓದಲು ಓದುಗ ಹಣ ಕೊಡುತ್ತಾನೆ. ಸದ್ಬೋಧ ಚಂದ್ರಿಕೆಯ ಉಪಾಯವೇ, ಅಂಚೆಯಣ್ಣನಿಲ್ಲದೆ.

ಕೊನೆಯದಾಗಿ, ಕರಾರಿಗೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಎರಡು ಸಂಗತಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ, ಹಕ್ಕನ್ನು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದೆ ಬಿಟ್ಟಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಅರ್ಥ. ಐದು ಭಾಗ ಬರೆಯುವವನಿಗೆ ಇದು ಚಿಕ್ಕ ಮಾತಲ್ಲ. ಐದನೆಯ ಭಾಗ ಬರುವ ಹೊತ್ತಿಗೆ ಮೊದಲನೆಯದರ ಹಕ್ಕು ಕೈಗೆ ಮರಳಿರಬಹುದು. ಎರಡನೆಯದು, ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳನ್ನು 2003ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. 1984ರಲ್ಲಿ ತೀರಿಕೊಂಡ ತ.ರಾ.ಸು. ಅವರ ದುರ್ಗದ ಕಾದಂಬರಿಗಳ ಹಕ್ಕು 2044ರ ಕೊನೆಯವರೆಗೆ ಇರುತ್ತದೆ.